ಹರಿಗೋಲಿನಲ್ಲಿ ಹೆಲ್ಮೆಟ್

ಮೊನ್ನೆ ನಮ್ಮ ಮಾವ ಹೆಲ್ಮೆಟ್ ಹಾಕಿಕೊಂಡು ಹೊಳೆ ದಾಟಿದರು.

ಸ್ಕೂಟರ್ ಮೇಲಲ್ಲ, ಹರಿಗೋಲಿನಲ್ಲಿ. ಸ್ಕೂಟರ್ ಪಾಪ, ಅದೂ ನಮ್ಮಂತೆ ಪ್ಯಾಸೆಂಜರ್.

ಮಾವ ಅಂದರೆ ನಮ್ಮವ್ವನ ತಮ್ಮ. ಹಗರಿಬೊಮ್ಮನಹಳ್ಳಿಯ ಒಂದು ಆಫೀಸಿನಲ್ಲಿ ಗುಮಾಸ್ತರು. ಹೋದ ವರ್ಷ ಸ್ಟೇಷನ್ ರಸ್ತೆಯಲ್ಲಿ ಒಬ್ಬರು ಮೋಟಾರ್ ಸೈಕಲ್‌ನಿಂದ ಬಿದ್ದು ತಲೆ ಒಡೆದುಕೊಂಡದ್ದನ್ನು ಕಣ್ಣಾರೆ ಕಂಡರು. ಅದೇ ವಾರ ಹುಬ್ಬಳ್ಳಿಯಿಂದ ಕುಂಬಳಕಾಯಿ ಗಾತ್ರದ ಹೆಲ್ಮೆಟ್ ಬಂತು. ನಮ್ಮ ಓಣಿಗೇ ಮೊದಲನೆಯದು. ಅದನ್ನು ನೋಡಿ ಎರಡು ಎಮ್ಮೆಗಳು ಹಗ್ಗ ಹರಿದುಕೊಂಡು ಓಡಿದವು, ಒಂದು ಇನ್ನೂ ವಾಪಸ್ ಬಂದಿಲ್ಲ. (ಸ್ವಲ್ಪ ಉಪ್ಪು-ಖಾರ ನನ್ನದು.)

ಭಾನುವಾರ ನಾನು, ಮಾವ ಇಬ್ಬರೂ ಆಚೆ ದಂಡೆಯಲ್ಲಿರುವ ಚಿಕ್ಕಮ್ಮನ ಊರಿಗೆ ಹೊರಟೆವು. ಹಡಗಲಿ ದಾಟಿ ದಂಡೆಯವರೆಗೆ ಸ್ಕೂಟರ್, ಅಲ್ಲಿಂದ ಹೊಳೆ. ಅಂಬಿಗರ ಹನುಮಂತಪ್ಪ ಹರಿಗೋಲು ಹಿಡಿದು ನಿಂತಿದ್ದ. ಒಳಗೆ ಗಾಳಿ ತುಂಬಿದ ಒಂದು ಲಾರಿ ಟ್ಯೂಬ್. ಯಾರಾದರೂ ನೀರಿಗೆ ಬಿದ್ದರೆ ಹಿಡಿದುಕೊಳ್ಳಲಿ ಎಂದು ಅವನೇ ತಂದು ಇಟ್ಟದ್ದು. ನನಗೂ ಈಜು ಬರದು, ಮಾವನಿಗೂ ಬರದು.

ಇನ್ನೇನು ಹತ್ತಬೇಕು, ಮಾವ ಸೀನಿದರು. ಹೆಲ್ಮೆಟ್ ಒಳಗೆ! ಕೊಡದೊಳಗೆ ಪಟಾಕಿ ಹೊಡೆದಂತಾಯಿತು. ಆದರೆ ಒಂದೇ ಸೀನು. ಎರಡನೆಯದು ಬರಲಿಲ್ಲ.

"ಒಂಟಿ ಸೀನು ಆತು, ಹಿಂಗ ಹೋಗಬಾರದು. ಒಂದೀಟು ಕೂತು ಹೋಗೂನು," ಎಂದರು ಮಾವ.

ಕೂತೆವು. ನೀರು ಕುಡಿದೆವು. ಅಷ್ಟರಲ್ಲಿ ಎರಡು ಚೀಲ ಉಳ್ಳಾಗಡ್ಡಿಯೊಂದಿಗೆ ಒಬ್ಬ ವ್ಯಾಪಾರಿ ಬಂದ. ಅವನ ಹಿಂದೆ ಕೂಸನ್ನು ಎತ್ತಿಕೊಂಡ ಒಬ್ಬ ಹೆಂಗಸು. ಕೂಸಿನ ಕೆನ್ನೆಗೆ ದೃಷ್ಟಿಬೊಟ್ಟು, ಕೈಗೆ ಕರಿಬಳೆ, ಸೊಂಟಕ್ಕೆ ತಾಯತ. ಬಂದೋಬಸ್ತ್‌ನಲ್ಲಿ ನಮ್ಮ ಮಾವನನ್ನೂ ಮೀರಿಸಿತ್ತು.

ಹನುಮಂತಪ್ಪ ತಲೆ ಕೆರೆದುಕೊಂಡ. "ಭಾಳ ಭಾರ ಆಗ್ತೈತ್ರಿ ಸಾಹೇಬ್ರ. ನಿಮ್ಮ ಸ್ಕೂಟರ್ ಇನ್ನೊಂದು ಸುತ್ತಿಗೆ ತರ್ತೀನಿ."

"ಸೀನು ಕಳದ್ಹೋತಲ್ಲ, ಇನ್ನೇನ್ ಆಗ್ತೈತಿ? ನಡಿ ನಡಿ!"

ನೋಡಿ, ಸೀನಿಗೆ ಹದಿನೈದು ನಿಮಿಷ ಕೊಟ್ಟೆವು. ಹೊಳೆಗೆ ಒಂದು ನಿಮಿಷವೂ ಕೊಡಲಿಲ್ಲ. ಆ ಸೀನಿಗೆ ಹೆದರದೆ ಹೋಗಿದ್ದರೆ ನಮ್ಮ ಜೊತೆ ಚೀಲಗಳೂ ಇರುತ್ತಿರಲಿಲ್ಲ, ಕೂಸೂ ಇರುತ್ತಿರಲಿಲ್ಲ.

ಹನುಮಂತಪ್ಪ ಆ ಹೆಂಗಸಿಗೆ, "ತಂಗೀ, ಕೂಸು ಐತಿ. ಈ ಟ್ಯೂಬಿನಾಗ ಕೂಡು," ಎಂದ.

"ಸೀರಿಗೆ ಕರಿ ಹತ್ತತೈತೇನೋ ಅಣ್ಣಾ," ಎಂದು ಆಕೆ ಒಂದು ಗಳಿಗೆ ತಡೆದಳು.

ಆ ಒಂದು ಗಳಿಗೆಯಲ್ಲಿ ನನ್ನ ಬುದ್ಧಿ ಮಿಂಚಿತು. "ಮಾವ, ಟ್ಯೂಬ್ ಸ್ಕೂಟರ್ ಕೆಳಗ ಹಾಸೂನು! ಬಿದಿರು ತಾಗಿ ಬಣ್ಣ ಕೆರೆಯಂಗಿಲ್ಲ!"

"ಓದಿದ್ದು ದಂಡ ಆಗಿಲ್ಲ ಬಿಡವಾ," ಎಂದು ಉಳ್ಳಾಗಡ್ಡಿಯವನು ನಕ್ಕ. ಮಾವ ಹೆಲ್ಮೆಟ್ ಸಮೇತ ತಲೆಯಾಡಿಸಿದರು. ಟ್ಯೂಬ್ ಹಾಸಿದೆವು. ಸ್ಕೂಟರನ್ನು ಅದರ ಮೇಲೆ ಮಲಗಿಸಿದೆವು, ಬಾಣಂತಿಯನ್ನು ಮಲಗಿಸಿದ ಹಾಗೆ. ಕೂಸು ಮತ್ತು ತಾಯಿ ಬರಿಯ ಬಿದಿರಿನ ಮೇಲೆ ಕೂತರು.

ಇಲ್ಲಿಂದ ಮುಂದೆ ಉಪ್ಪು-ಖಾರ ಇಲ್ಲ.

ನಡುಹೊಳೆಗೆ ಬಂದಾಗ ಗಾಳಿ ಎದ್ದಿತು. ಹರಿಗೋಲು ತಿರುಗತೊಡಗಿತು. ಮೊದಲು ಒಂದು ಬೊಗಸೆ ನೀರು ಒಳಗೆ ಬಂತು, ಆಮೇಲೆ ಒಂದು ಕೊಡ. ನನ್ನ ಪಾದಗಳು ಮುಳುಗಿದವು. ಹನುಮಂತಪ್ಪ ಹುಟ್ಟು ಹಾಕುತ್ತಲೇ ಇದ್ದ, ಮುಖ ಮಾತ್ರ ಬೇರೆಯಾಗಿತ್ತು.

ಆ ತಾಯಿ ಕೂಗಲಿಲ್ಲ. ಕೂಸನ್ನು ಹೆಗಲ ಮೇಲಕ್ಕೆ ಎತ್ತಿಕೊಂಡು, ಮೆಲ್ಲಗೆ, "ಅಣ್ಣಾರ, ಆ ಟ್ಯೂಬ್ ಕೊಡ್ರಿ," ಎಂದಳು.

ಮಾವ ಎಳೆದರು. ಬರಲಿಲ್ಲ. ಮೇಲೆ ಸ್ಕೂಟರ್. ಎತ್ತಲು ಎದ್ದುನಿಂತರು. ಇಡೀ ಹರಿಗೋಲು ಆ ಕಡೆಗೆ ವಾಲಿತು.

"ಅಲುಗಬ್ಯಾಡ್ರೀ! ಎಲ್ರೂ ಹೋಗ್ತೀವಿ! ನೀರು ಹೊರಗ ಚೆಲ್ಲಾಕ ಏನರ ತಗೀರಿ!" ಎಂದು ಹನುಮಂತಪ್ಪ ಕೂಗಿದ.

ಉಳ್ಳಾಗಡ್ಡಿಯವನು ತನ್ನ ಎರಡೂ ಚೀಲಗಳನ್ನು ಹೊಳೆಗೆ ಉರುಳಿಸಿದ. ಮಾವ ಹೆಲ್ಮೆಟ್ ಕಳಚಿದರು. ಬಟ್ಟಲಿನಂತೆ ಹಿಡಿದು ನೀರು ತುಂಬಿ ಚೆಲ್ಲಿದರು, ಮತ್ತೆ ತುಂಬಿ ಚೆಲ್ಲಿದರು. ನಾನು ಬೊಗಸೆಯಲ್ಲಿ ಚೆಲ್ಲಿದೆ. ಅಷ್ಟೂ ಹೊತ್ತು ಆ ತಾಯಿ ಟ್ಯೂಬಿನ ಮೇಲಿನ ಕಣ್ಣು ತೆಗೆಯಲಿಲ್ಲ.

ಕೈಗೆಟಕುವಷ್ಟು ಹತ್ತಿರ ಇತ್ತು ಅದು.

ದಂಡೆ ಸಿಕ್ಕಿತು. ಹೇಗೆ ಅಂತ ಹನುಮಂತಪ್ಪನನ್ನೇ ಕೇಳಬೇಕು. ಮಾವ ಒಡೆದ ತಲೆ ನೋಡಿದ್ದರು, ಮುಳುಗಿದವರನ್ನು ನೋಡಿರಲಿಲ್ಲ. ಆ ತಾಯಿ ಕೆಟ್ಟ ಕಣ್ಣುಗಳ ಕಥೆ ಕೇಳಿದ್ದಳು. ನಾನು? ನಾನು ಹೊಸ ಬಣ್ಣದ ಮೇಲಿನ ಗೀರುಗಳನ್ನು ಬಹಳ ನೋಡಿದ್ದೆ. ನಾವೆಲ್ಲ ಹೀಗೇ ಅಲ್ಲವೇ? ಕಂಡ ಗಾಯಕ್ಕೆ ಮಾತ್ರ ಮುಲಾಮು ಇಟ್ಟುಕೊಂಡು ಓಡಾಡುತ್ತೇವೆ.

ಮಾವ ಹೆಲ್ಮೆಟ್ಟನ್ನು ಹ್ಯಾಂಡಲ್‌ಗೆ ನೇತುಹಾಕಿದರು. "ಹಸಿ ಐತಿ. ಹಾಕ್ಕೊಂಡ್ರ ನೆಗಡಿ ಆಗ್ತೈತಿ." ಆಮೇಲೆ ಸ್ಕೂಟರಿನ ಸುತ್ತ ಒಂದು ಸುತ್ತು ಬಂದು, ಬಗ್ಗಿ, ಬೆರಳಾಡಿಸಿ ನೋಡಿದರು.

"ಒಂದು ಗೀರೂ ಬಿದ್ದಿಲ್ಲಲೇ! ಶಾಣ್ಯಾಕಿ ನೀನು!"

ಅಲ್ಲೇ ಪಕ್ಕದಲ್ಲಿ ಆ ತಾಯಿ ಕೂಸಿನ ಬಟ್ಟೆ ಹಿಂಡುತ್ತಿದ್ದಳು. ತಲೆಯೆತ್ತಿ ನನ್ನನ್ನೇ ನೋಡಿದಳು.

ಸಿಕ್ಕ ಹೊಗಳಿಕೆಯನ್ನು ಮನೆಯಲ್ಲಿ ಹತ್ತು ಸಲ ಹೇಳುವವಳು ನಾನು. ಇದೊಂದನ್ನು ಇವತ್ತಿನವರೆಗೂ ಹೇಳಿಲ್ಲ.