ಲೈನ್ ಸುಟ್ಟ ವರ್ಷ

ನಮ್ಮ ಕಡೆ ಲೈನ್ ಅಂದರೆ ಎರಡು. ತೋಟದ ಕೆಲಸದವರು ವಾಸವಿರುವ ಸಾಲುಮನೆಯೂ ಲೈನೇ, ಕಾಡುಬೆಂಕಿ ಮನೆಗೆ ಬರದಂತೆ ಮೇಲ್ಗಡೆ ಹುಲ್ಲು ಕೆರೆದು ಮೊದಲೇ ಸುಟ್ಟುಬಿಡುವ ಪಟ್ಟಿಯೂ ಲೈನೇ. ಸಂಕ್ರಾಂತಿ ಕಳೆಯಿತೆಂದರೆ ಮೂಡಿಗೆರೆ ಪೇಟೆಯಲ್ಲಿ ತೋಟದವರು ಎದುರಾದಾಗ ಕೇಳುವ ಮೊದಲ ಮಾತು, "ಲೈನ್ ಸುಟ್ಟಾಯ್ತಾ?" ಆಯ್ತು ಎಂದು ಎಲ್ಲರಿಗಿಂತ ಮೊದಲು ಹೇಳುವುದು ನನ್ನ ಚಟ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವರ ಪೈಕಿ ನಾನಲ್ಲ ಎಂಬ ಜಂಬ ಬೇರೆ.

ಹೋದ ವರ್ಷ ರೋಬಸ್ಟಾ ಕಾಫಿ ಕೊಯ್ಲು ಇನ್ನೂ ಮುಗಿದಿರಲಿಲ್ಲ. ಆದರೂ ನಾಲ್ಕು ಜನರನ್ನು ಕೊಯ್ಲಿನಿಂದ ಬಿಡಿಸಿ ಈ ಕೆಲಸಕ್ಕೆ ಹಚ್ಚಿದೆ. ಹೆಂಚಿನ ಮೇಲಿನ ಒಣ ಎಲೆ ಗುಡಿಸಿದರು, ಸೌದೆ ರಾಶಿಯನ್ನು ಗೋಡೆಯಿಂದ ದೂರ ಸರಿಸಿದರು. ಮನೆಯ ಹಿಂದಿನಿಂದ ಹೊರಟ ಪಟ್ಟಿ ಮೂರು ದಿನದಲ್ಲಿ ದೊಡ್ಡ ಬಂಡೆಯ ತನಕ ಬಂತು. ಬಂಡೆಯಾಚೆ ಹಳೆಯ ಸಾಲುಮನೆ. ಅಲ್ಲಿ ಉಳಿದಿದ್ದವಳು ಒಬ್ಬಳೇ, ನನ್ನ ಮದುವೆಗೂ ಮುಂಚಿನಿಂದ ನಮ್ಮಲ್ಲಿ ಕೆಲಸಕ್ಕಿದ್ದ ಹೆಂಗಸು. ಆ ದಿನ ಗುದ್ದಲಿ ಹಿಡಿದು ಹುಲ್ಲು ಕೆರೆಯುತ್ತಿದ್ದವರಲ್ಲಿ ಅವಳೂ ಇದ್ದಳು.

"ಇಲ್ಲಿಗೇ ನಿಲ್ಸೋದಾ ಅಯ್ಯ? ನಮ್ಮನೆ ಮೇಲ್ಗಡೆ ಒಣಗಿದ ದರಗೆಲೆ ರಾಶಿ ಬಿದ್ದಿದೆ" ಎಂದಳು.

ಅಲ್ಲಿಗೂ ಪಟ್ಟಿ ಎಳೆಯಬೇಕೆಂದರೆ ಲಂಟಾನ ಪೊದೆ ಕಡಿಯಬೇಕು, ಇನ್ನೂ ಎರಡು ದಿನ ಹಿಡಿಯುತ್ತಿತ್ತು. ನನಗೆ ಸಿಟ್ಟು ಬಂತು. "ನೀನು ಒಲೆ ಆರಿಸಿ ಮಲ್ಕೊಂಡ್ರೆ ಸಾಕು ಮಾರಾಯ್ತಿ, ಯಾವ ಬೆಂಕಿನೂ ಬರಲ್ಲ" ಎಂದೆ. ಉಳಿದವರು ನಕ್ಕರು. ಅವಳೂ ನಕ್ಕು ಗುದ್ದಲಿ ಹೆಗಲಿಗೇರಿಸಿದಳು. ಅವಳೇ ಕೆರೆದ ಪಟ್ಟಿ ಅವಳ ಮನೆಯನ್ನು ಹೊರಗಿಟ್ಟಿತು.

ಶಿವರಾತ್ರಿಗೆ ನಾಲ್ಕು ದಿನವಿತ್ತು. ಮಧ್ಯಾಹ್ನ ಊಟಕ್ಕೆ ಕೂತಾಗ ಗುಡ್ಡದ ಹುಲ್ಲಿಗೆ ಬೆಂಕಿ ಬಿತ್ತು. ಯಾರು ಹಾಕಿದರೋ ಗೊತ್ತಾಗಲಿಲ್ಲ. ನಾನು ತೋಟಕ್ಕೆಲ್ಲ ಕೇಳುವಂತೆ ಕೂಗಿ ಇದ್ದವರನ್ನೆಲ್ಲ ನಮ್ಮ ಹಿತ್ತಿಲಿಗೆ ಕರೆದೆ. ಹಸಿ ಸೊಪ್ಪು ಹಿಡಿದು ಎಲ್ಲರೂ ಬಂದರು, ಅವಳೂ ಬಂದಳು. ಬೆಂಕಿ ನಮ್ಮ ಪಟ್ಟಿಯ ಹತ್ತಿರ ಬಂದು ತಿನ್ನಲು ಏನೂ ಸಿಗದೆ ತಣ್ಣಗಾಯಿತು. ಅಷ್ಟಾದರೂ ನನಗೆ ಧೈರ್ಯ ಸಾಲಲಿಲ್ಲ. ಯಾರನ್ನೂ ಕದಲಲು ಬಿಡಲಿಲ್ಲ, ಪೈಪು ಹಿಡಿದು ನಮ್ಮ ಹೆಂಚಿಗೇ ನೀರು ಬಿಡುತ್ತಾ ನಿಂತೆ. ಬಂಡೆಯಾಚೆ ಹೊಗೆ ಕಪ್ಪಗೆ ಎದ್ದಾಗ ಅವಳು ನನ್ನ ಹಿತ್ತಿಲಲ್ಲಿ ನಿಂತು ಕಿಡಿ ಬಡಿಯುತ್ತಿದ್ದಳು.

ನಾವು ಅಲ್ಲಿಗೆ ಓಡುವಷ್ಟರಲ್ಲಿ ಅವಳ ಮನೆಯ ಮಾಡು ಕುಸಿದಿತ್ತು. ಬಟ್ಟೆ, ಅಕ್ಕಿ, ರೇಷನ್ ಕಾರ್ಡು, ಕಾವಿಗೆ ಕೂತಿದ್ದ ಕೋಳಿ, ಏನೂ ಉಳಿಯಲಿಲ್ಲ. ಅವಳು ಅಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನೋಡದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡೆನಲ್ಲ, ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮರುವಾರ ಹೊಸ ಕಾರ್ಡಿಗೆ ಅರ್ಜಿ ಕೊಡಿಸಲು ಅವಳನ್ನು ಜೀಪಿನಲ್ಲಿ ಮೂಡಿಗೆರೆಗೆ ಕರೆದುಕೊಂಡು ಹೋದೆ. ಮಾಡಿಗೆ ಶೀಟು ನೋಡಲು ಹಾರ್ಡ್‌ವೇರ್ ಅಂಗಡಿಗೆ ಹೊಕ್ಕರೆ ಪಕ್ಕದ ಹೋಬಳಿಯ ಪ್ಲಾಂಟರ್ ಒಬ್ಬ ಸಿಕ್ಕ. ಅವನಿಗೆ ನಮ್ಮಲ್ಲಿ ನಡೆದದ್ದು ತಿಳಿದಿರಲಿಲ್ಲ.

"ಏನ್ ಮಾರಾಯ, ನಿಂದು ಲೈನ್ ಸುಟ್ಟಾಯ್ತಾ?" ಎಂದ.

"ಹೂಂ, ಸುಟ್ಟಾಯ್ತು" ಎಂದೆ.

"ನೀನು ಬಿಡು, ಎಲ್ಲದ್ರಲ್ಲೂ ಮುಂದೆ. ನಮ್ದು ಇನ್ನೂ ಅರ್ಧಾನೂ ಆಗಿಲ್ಲ."

ನಾನು ನಕ್ಕೆ. ಅವಳು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು.

ಜೀಪು ಹತ್ತಿದ ಮೇಲೆ, ಕೈಯಲ್ಲಿದ್ದ ಅರ್ಜಿ ಮಡಚುತ್ತಾ ಮೆಲ್ಲಗೆ ಹೇಳಿದಳು: "ಸುಟ್ಟಿದ್ದು ನಮ್ಮ ಲೈನು ಅನ್ಬೋದಿತ್ತು ಅಯ್ಯ."

ಆ ಮನುಷ್ಯ ಇನ್ನೂ ಅಂಗಡಿ ಮೆಟ್ಟಿಲ ಮೇಲೇ ಇದ್ದ. ಇಳಿದು ಹತ್ತು ಹೆಜ್ಜೆ ನಡೆದರೆ ಹೇಳಬಹುದಿತ್ತು. ನಾನು ಅವನಿಗೆ ಕೈಬೀಸಿ ಜೀಪು ಸ್ಟಾರ್ಟ್ ಮಾಡಿದೆ.