ಕೆಂಪು ಬಲ್ಬಿನ ಫರ್ಹೀನ್
ನೆಹರು ಗಂಜ್ ಪೇಟೆಯ ಬೇಳೆ ವ್ಯಾಪಾರಿ ಖಮರುದ್ದೀನರು ಬಿಸಿಲಿಗೆ ಹಿಡಿಯದೆ ಒಂದು ಕಾಳೂ ಕೊಂಡವರಲ್ಲ. ಮಗಳು ಫರ್ಹೀನಳ ಮಾಲಿಗೋ ಬಿಸಿಲೇ ವಿಷ. ಬೆಳಕು ಬಿದ್ದರೆ ನಿದ್ದೆಯಿಂದ ಎದ್ದವರಂತೆ ಮೈ ಮುರಿದು ಆಕಾರ ಬದಲಿಸುವ ಪ್ರೋಟೀನಿನ ಹರಳು ಬೆಳೆಸಿ, ಆ ಮೈಮುರಿತವನ್ನು ಕ್ಷಣಕ್ಷಣವೂ ಎಕ್ಸ್‌ರೇಯಲ್ಲಿ ಹಿಡಿಯುವುದು ಅವಳ ಕಸುಬು. ಮನೆಯಲ್ಲಿ ಹರಳು ಆರಿಸುವ ದಿನ ಕಿಟಕಿಗೆ ಕಂಬಳಿ, ಕೋಣೆಗೆ ಕೆಂಪು ಬಲ್ಬು, ಅಜ್ಜಿಯ ಮೊಬೈಲಿಗೂ ಕಾಲುಚೀಲ. ಕಮಲಾಪುರದಿಂದ ಹೆಣ್ಣು ನೋಡಲು ಬಂದವರನ್ನೂ ಆ ಬಲ್ಬಿನಡಿಯಲ್ಲೇ ಕೂಡಿಸಿದಳು. ಅವರು ತಂದ ಕೆಂಪು ಬಾಳೆಹಣ್ಣು ಕೂಡ ಆ ಕೆಂಪು ಬೆಳಕಿನಲ್ಲಿ ಬಿಳಿಚಿಕೊಂಡಂತೆ ಕಂಡವು. “ಹುಡುಗಿ ಬಣ್ಣ ತಿಳೀವಲ್ದು, ಲೈಟ್ ಹಚ್ಚ್ರಿ,” ಎಂದರು ವರನ ತಾಯಿ. “ಹಚ್ಚಿದ್ರ ಹರಳು ಈಗೇ ಮೈ ಮುರೀತಾವ, ಖಾಲಾ, ವರ್ಷದ ದುಡಿಮಿ ಹೋಗ್ತದ,” ಎಂದಳು ಫರ್ಹೀನ್. ಹೀಗೇ ಮೂರು ಸಂಬಂಧ ಕತ್ತಲಲ್ಲಿ ಕಳೆದಿದ್ದವು. ಖಮರುದ್ದೀನರು ಎದ್ದು ಸ್ವಿಚ್ಚಿನವರೆಗೆ ಹೋದರು; ಅದಕ್ಕೆ ಬೆನ್ನು ಕೊಟ್ಟು ಗಟ್ಟಿಯಾಗಿ ನಿಂತು, “ಚಹಾ ತಗೊಳ್ರಿ, ಆರ್ಲಾಕತ್ತದ,” ಎಂದರು.