ಅನುಸೂಯಕ್ಕನ ಗಡಿಯಾರ ಯಾಕ ನಿಂತಿತ್ತು

ನಮ್ಮ ಅನುಸೂಯಕ್ಕ ಧಾರವಾಡದಾಕಿ. ಪುಣೇಕ್ಕ ಬಂದು ಧನಕವಡಿಯಾಗ ಎರಡು ಖೋಲಿ ಮನಿ ಹಿಡದು ಅವ್ವನ ಜೋಡಿ ಇದ್ಲು. 2001ರಾಗ ಬಿಬವೇವಾಡಿಯ ಒಂದು ಸಣ್ಣ ಚಿಪ್ ಡಿಸೈನ್ ಆಫೀಸಿನ್ಯಾಗ ಆರು ತಿಂಗಳ ಟ್ರಯಲ್ ಮ್ಯಾಲ ಸೇರಿದ್ಲು. ಕಾಯಂ ಮಾಡೂದು, ಬಿಡೂದು ಮ್ಯಾನೇಜರ್ ಅಪ್ಪಾಸಾಹೇಬರ ಕೈಯಾಗ. ಆ ಶುಕ್ರವಾರ ಆರು ತಿಂಗಳ ಮುಗೀತಿದ್ವು, ಅದ ವಾರದ ಸೋಮವಾರನ ಆಕಿ ಫೈಲು ಕೈ ಕೊಡ್ತು ನೋಡ್ರಿ!

ಚಿಪ್ ಮಾಡೂಕಿಂತ ಮೊದಲ ಅದನ್ನ ಕಂಪ್ಯೂಟರಿನ್ಯಾಗ ಬರದು ಓಡಿಸಿ ನೋಡ್ತಾರ. ಒಟ್ಟು ಮೂವತ್ತೊಂದು ಫೈಲು. ಅದರಾಗ ಮೊದಲನೇದು ಸಾಹೇಬರು ಬರದದ್ದು, ಅಕ್ಕಂದು ಗಡಿಯಾರ. ಹತ್ತು ನ್ಯಾನೋಸೆಕೆಂಡಿಗೊಮ್ಮೆ ಟಕ್ ಅಂದ್ರ ಉಳದದ್ದೆಲ್ಲ ನಡೀತದ. ಅಲ್ಲೀತನಕ ಎಲ್ಲಾ ಫೈಲು ಕೂಡಿಸಿ ಕಂಪೈಲ್, ಅಂದ್ರ ಕಂಪ್ಯೂಟರಿಗೆ ತಿಳಿಯೂವಂಗ ತರ್ಜುಮಾ, ಮಾಡ್ತಿದ್ರು. ಪ್ರತಿ ಸಲ ಮುಕ್ಕಾಲು ತಾಸು ಹಾಳಾಗ್ತದ ಅಂತ ಸೋಮವಾರದಿಂದ ಒಂದೊಂದ ಬ್ಯಾರೆ ಬ್ಯಾರೆ ಮಾಡಾಕ ಹತ್ತಿದ್ರು. ಅವತ್ತ ಗಡಿಯಾರ ಗಪ್.

"ಏನ್ ಮೇಡಂ, ಕೀ ಕೊಡೋದು ಮರೆತ್ರಾ?" ಅಂದ ಬಾಜೂ ಟೇಬಲ್ಲಿನ ವಿಕ್ರಮ, ಮೈಸೂರಿನಂವ.

"ನಾ ಒಂದಕ್ಷರನೂ ಮುಟ್ಟಿಲ್ಲೋ ಮಾರಾಯಾ!"

ಅಪ್ಪಾಸಾಹೇಬರು ಬಂದು ನೋಡಿ, "ಶುಕ್ರವಾರದೊಳಗ ಸರಿ ಆಗಬೇಕವ್ವಾ. ಇಲ್ಲಾಂದ್ರ ನನಗೂ ಹೇಳಾಕ ಏನೂ ಉಳಿಯೂದಿಲ್ಲ" ಅಂದ್ರು.

ಮೂರು ದಿನ ಅಕ್ಕ ತನ್ನ ಫೈಲಿನ್ಯಾಗ ತಪ್ಪು ಹುಡುಕಿದ್ಲು. ಸಿಗಲಿಲ್ಲ. ಗುರುವಾರ ಮೊದಲಿನಂಗ ಸಾಹೇಬರ ಫೈಲು ಮುಂದ, ತನ್ನದು ಹಿಂದ ಇಟ್ಟು ಎರಡೂ ಕೂಡಿಸಿ ಕಂಪೈಲ್ ಮಾಡಿದ್ಲು. ಟಕ್, ಟಕ್, ಟಕ್!

ಸಾಹೇಬರ ಫೈಲು ತಗದು ನೋಡಿದ್ಲು. ಮೊದಲನೇ ಸಾಲು ಟೈಮ್‌ಸ್ಕೇಲ್. ವ್ಯಾಳ್ಯಾ ನ್ಯಾನೋಸೆಕೆಂಡಿನ್ಯಾಗ ಎಣಸು ಅಂತ ಕಂಪೈಲರಿಗೆ ಅಪ್ಪಣಿ. ಕೂಡಿಸಿದ್ರ ಆ ಅಪ್ಪಣಿ ಅದರ ಬೆನ್ನಿಗೆ ಬರೂ ಫೈಲಿಗೂ ನಡೀತದ, ಬ್ಯಾರೆ ಮಾಡಿದ್ರ ಆ ಫೈಲಿಗೇ ಮುಗೀತು. ಸಾಹೇಬರ ಫೈಲು ಯಾವಾಗ್ಲೂ ಮೊದಲ ಇರ್ತಿತ್ತು, ಹಿಂಗಾಗಿ ಆ ಸಾಲು ಮತ್ತ್ಯಾರೂ ಬರೀತಿರಲಿಲ್ಲ. ಉಳದವರ ಫೈಲಿನ್ಯಾಗ ವ್ಯಾಳ್ಯಾದ ಮಾತ ಇರಲಿಲ್ಲ, ಸಿಕ್ಕೊಂಡಾಕಿ ಅಕ್ಕ ಒಬ್ಬಾಕಿನ. ಆಕಿ ಬರದದ್ದು ಬರೇ ಹತ್ತು, ಅಪ್ಪಣಿ ಇಲ್ಲಂದ್ರ ಆ ಕಂಪೈಲರ್ ಅದನ್ನ ಸೆಕೆಂಡ್ ಅಂತ ತಿಳೀತಿತ್ತು. ಪಾಪ, ಆ ಗಡಿಯಾರ ಹತ್ತು ಪೂರಾ ಸೆಕೆಂಡ್ ಆಗಲಿ ಅಂತ ಕುಂತಿತ್ತು, ಅಷ್ಟರಾಗ ಟೆಸ್ಟ್ ಮುಗದು ಹೋಗ್ತಿತ್ತು!

ಅಕ್ಕ ಸಾಹೇಬರ ಹಂತ್ಯಾಕ ಹೋಗಿ ಟೈಮ್‌ಸ್ಕೇಲ್ ಸಾಲಿಂದ ಹಿಂಗಾಗೇದ ಅಂತ ಹೇಳಿದ್ಲು.

"ನನ್ನ ಫೈಲಿನ್ಯಾಗ ಆ ಸಾಲು ಅದ ಅಲ್ಲೇನವ್ವಾ?"

"ಅದ ರೀ ಸರ್. ಆದ್ರ ನನ್ನ ಫೈಲು ಈಗ ನಿಮ್ಮ ಬೆನ್ನಿಗೆ ಬರೂದಿಲ್ರಿ. ಎಲ್ಲಾರೂ ತಮ್ಮ ತಮ್ಮದರಾಗ ಬರಕೋಬೇಕು."

ಅವರು ಕನ್ನಡಕ ತಗದು ಒರಿಸಿದ್ರು. "ಇದು ನಾನ ಹಾಕಿಕೊಟ್ಟ ರೂಢಿ ನೋಡು," ಅಂತ ನಕ್ಕಬಿಟ್ರು. "ಹಂಗಾರ ಉಳದ ಮೂವತ್ತೂ ಫೈಲಿಗೆ ಆ ಸಾಲು ನೀನ ಹಾಕು. ವಿಕ್ರಮಗೂ ಕಲಸು."

"ನಾಳೇನ ಮುಗಸಬೇಕೇನ್ರಿ ಸರ್?"

"ನಾಳೆ ಯಾಕ? ಮುಂದಿನ ವಾರ ಆರಾಮ ಮಾಡು. ನೀ ಎಲ್ಲಿ ಹೋಗಾಕಿ?"